640 ಕಿಲೋಬೈಟಿನ ಮನೆ, ಒಂದು ಬೈಟಿನ ಬಾಗಿಲು

ನಿಮ್ಮ ಕೈಯಲ್ಲಿರುವ ಮೊಬೈಲ್ ಫೋನಿನ ಸ್ಮೃತಿ ಎಷ್ಟು? ಎಂಟು ಗಿಗಾಬೈಟ್ ಎಂದು ಇಟ್ಟುಕೊಳ್ಳೋಣ. ಅದು 640 ಕಿಲೋಬೈಟಿನ ಸುಮಾರು 13,000 ಪಟ್ಟು. ಈ 640 ಎಂಬ ಸಂಖ್ಯೆಯನ್ನು ಸುಮ್ಮನೆ ಆರಿಸಿಕೊಂಡಿಲ್ಲ. 1980ರ ದಶಕದಲ್ಲಿ ಮತ್ತು 1990ರ ದಶಕದ ಬಹುಭಾಗದಲ್ಲಿ ಡಾಸ್ ಕಾರ್ಯಾಚರಣ ವ್ಯವಸ್ಥೆಯ ಕಂಪ್ಯೂಟರಿನ ಪ್ರೋಗ್ರಾಮ್‌ಗಳೆಲ್ಲ ಅಷ್ಟರೊಳಗೇ ಸಂಸಾರ ಮಾಡಬೇಕಿತ್ತು. ಯಂತ್ರದಲ್ಲಿ ನಾಲ್ಕು ಮೆಗಾಬೈಟ್ ಸ್ಮೃತಿ ಇದ್ದರೂ 'ಸ್ಮೃತಿ ಸಾಲದು' ಎಂಬ ಸಂದೇಶ ಪರದೆಯ ಮೇಲೆ ಮೂಡುತ್ತಿತ್ತು. ಕಣಜದಲ್ಲಿ ಭತ್ತ ತುಂಬಿದ್ದರೂ ಅಡುಗೆಮನೆಗೆ ಸೇರು ಅಕ್ಕಿ ಬಾರದ ಸ್ಥಿತಿ ಅದು.

ಇದರ ಜೊತೆಗೆ ಇನ್ನೊಂದು ಕೊರತೆಯೂ ಇತ್ತು. ದೂರವಾಣಿಯ ತಂತಿಯಿಂದ ಮೋಡೆಮ್ ಹೊತ್ತು ತರುತ್ತಿದ್ದ ಅಕ್ಷರಗಳು ಕಂಪ್ಯೂಟರಿನ ಒಳಗೆ ಬರಲು ಇದ್ದ ಬಾಗಿಲು ಒಂದೇ ಒಂದು ಬೈಟಿನಷ್ಟು ಅಗಲವಾಗಿತ್ತು. ಈ ಎರಡು ಕೊರತೆಗಳನ್ನು ಆ ಕಾಲದವರು ಹೇಗೆ ನಿಭಾಯಿಸಿದರು ಎಂಬುದನ್ನು ಇಲ್ಲಿ ನೋಡೋಣ. ಮೊದಲು ನಾನು ಪಟ್ಟ ಪಾಡನ್ನು ಹೇಳಿಬಿಡುತ್ತೇನೆ.

ಇಲ್ಲದ ಶೃಂಗ

1995ರಲ್ಲಿ ನಾನು ಸಂಶೋಧನಾ ವಿದ್ಯಾರ್ಥಿ. ಬೇರೊಂದು ಊರಿನ ಸಂಸ್ಥೆಯಲ್ಲಿ ನನ್ನ ಗೆಳೆಯನೊಬ್ಬ ದ್ರವ ಹೀಲಿಯಂ ತಾಪದಲ್ಲಿ ಲೋಹಮಿಶ್ರಣಗಳ ವಿದ್ಯುತ್ ರೋಧವನ್ನು ಅಳೆಯುತ್ತಿದ್ದ. ರಾತ್ರಿ ಎಸ್‌ಟಿಡಿ ದರ ಇಳಿದ ಮೇಲೆ ಆ ದಿನದ ಕೋಷ್ಟಕವನ್ನು ಮೋಡೆಮ್ ಮೂಲಕ ಕಳುಹಿಸುತ್ತಿದ್ದ. ನಮ್ಮ ವಿಭಾಗದ 386 ಕಂಪ್ಯೂಟರ್ ಅದನ್ನು ಪಡೆದು ಡಿಸ್ಕಿನಲ್ಲಿ ಬರೆದುಕೊಳ್ಳುತ್ತಿತ್ತು. ಬೆಳಿಗ್ಗೆ ನಾನು ನಕ್ಷೆ ಎಳೆಯುತ್ತಿದ್ದೆ.

ಒಂದು ಬೆಳಿಗ್ಗೆ ನಕ್ಷೆಯಲ್ಲಿ ಚೂಪಾದ ಶೃಂಗವೊಂದು ಕಾಣಿಸಿಕೊಂಡಿತು. ಸುಮಾರು 0.13 ಓಮ್ ಇರಬೇಕಾದ ರೋಧ ಒಂದು ತಾಪದಲ್ಲಿ ಮಾತ್ರ ಎರಡು ಪಟ್ಟಿಗೂ ಮೇಲೇರಿ ಮತ್ತೆ ಇಳಿದಿತ್ತು. ಎರಡು ವಾರ ನಾವು ಅದರ ಬೆನ್ನು ಹತ್ತಿದೆವು. ಹೊಸ ಪ್ರಾವಸ್ಥಾ ಬದಲಾವಣೆ ಇರಬಹುದೆ ಎಂದು ಗ್ರಂಥಾಲಯವನ್ನು ಜಾಲಾಡಿದೆವು. ಲೇಖನದ ಕರಡೂ ಸಿದ್ಧವಾಗತೊಡಗಿತು. ಕೊನೆಗೆ ಮಾರ್ಗದರ್ಶಕರು, "ಮೂಲ ಕೋಷ್ಟಕವನ್ನು ಅಂಚೆಯಲ್ಲಿ ತರಿಸಿ ನೋಡಿದಿರೇನಪ್ಪ?" ಎಂದು ಕೇಳಿದರು. ತರಿಸಿ ನೋಡಿದರೆ ಅಲ್ಲಿದ್ದದ್ದು 0.1284, ನಮ್ಮಲ್ಲಿ ಬಂದಿದ್ದದ್ದು 0.284. ಒಂದೇ ಒಂದು ಅಂಕಿ ದಾರಿಯಲ್ಲಿ ಬಿದ್ದುಹೋಗಿತ್ತು!

ದೂರವಾಣಿಯ ಗೊರಗೊರ ಸದ್ದನ್ನು ದೂರುವುದು ಸುಲಭವಿತ್ತು. ಆದರೆ ನಮ್ಮ ಎರಡೂ ಮೋಡೆಮ್‌ಗಳಲ್ಲಿ ವಿ.42 ಎಂಬ ದೋಷ ಪರಿಹಾರ ಪದ್ಧತಿ ಇತ್ತು. ತಂತಿಯ ಮೇಲೆ ಕೆಟ್ಟ ಭಾಗವನ್ನು ಅವು ತಾವೇ ಗುರುತಿಸಿ ಮತ್ತೆ ತರಿಸಿಕೊಳ್ಳುತ್ತಿದ್ದವು. ನೂರಾರು ಕಿಲೋಮೀಟರ್ ಸುರಕ್ಷಿತವಾಗಿ ಬಂದ ಆ ಅಂಕಿ ಕಳೆದುಹೋದದ್ದು ಕೊನೆಯ ಒಂದು ಮೀಟರಿನಲ್ಲಿ, ಮೋಡೆಮ್‌ನಿಂದ ಕಂಪ್ಯೂಟರಿಗೆ ಕಾಲಿಡುವಾಗ. ತಪ್ಪು ನನ್ನದೇ. ಸ್ಮೃತಿ ಉಳಿಸಲೆಂದು ಹಿಂದಿನ ವಾರವಷ್ಟೆ ನಾನು ಒಂದು ಕಡತಕ್ಕೆ ಒಂದು ಸಾಲು ಸೇರಿಸಿದ್ದೆ. ಆ ಸಾಲಿಗೂ ಈ ಅಂಕಿಗೂ ಏನು ಸಂಬಂಧ? ಅದಕ್ಕೆ 1981ಕ್ಕೆ ಹೋಗಬೇಕು.

ಇಪ್ಪತ್ತು ತಂತಿಗಳ ಲೆಕ್ಕ

1981ರ ಆಗಸ್ಟ್ 12ರಂದು ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಪ್ರಕಟಿಸಿತು. ಅದರ ಮಿದುಳು ಇಂಟೆಲ್‌ನ 8088 ಪ್ರೊಸೆಸರ್, ವೇಗ 4.77 ಮೆಗಾಹರ್ಟ್ಸ್. ಕನಿಷ್ಠ ಮಾದರಿಯಲ್ಲಿ ಸ್ಮೃತಿ 16 ಕಿಲೋಬೈಟ್, ಮುಖ್ಯ ಫಲಕದ ಮೇಲೆ ಹೆಚ್ಚೆಂದರೆ 64 ಕಿಲೋಬೈಟ್.

8088ರಿಂದ ಸ್ಮೃತಿಯ ವಿಳಾಸ ಹೇಳಲು ಹೊರಡುವ ತಂತಿಗಳು 20. ಪ್ರತಿ ತಂತಿ ಸೊನ್ನೆ ಅಥವಾ ಒಂದನ್ನು ಸೂಚಿಸಬಲ್ಲದು. ಆದ್ದರಿಂದ ಸಾಧ್ಯವಾಗುವ ವಿಳಾಸಗಳು 2ರ 20ನೆಯ ಘಾತ, ಅಂದರೆ 10,48,576. ಇದೇ ಒಂದು ಮೆಗಾಬೈಟ್. ಪ್ರೊಸೆಸರಿನ ಒಳಗಿನ ರಿಜಿಸ್ಟರ್‌ಗಳು ಮಾತ್ರ 16 ಬಿಟ್ಟಿನವು. ಅವುಗಳಿಂದ 65,536 ಬೈಟ್‌ಗಳಾಚೆ ಎಣಿಸಲಾಗದು. ಆದ್ದರಿಂದ ವಿಳಾಸವನ್ನು ಎರಡು ಭಾಗ ಮಾಡಿದರು: ಮೊದಲನೆಯದನ್ನು 16ರಿಂದ ಗುಣಿಸಿ ಎರಡನೆಯದನ್ನು ಕೂಡಿಸಬೇಕು. ಬೀದಿಯ ಹೆಸರು ಮತ್ತು ಮನೆಯ ಸಂಖ್ಯೆ ಇದ್ದ ಹಾಗೆ.

ಈ ಒಂದು ಮೆಗಾಬೈಟನ್ನು ಐಬಿಎಂ ಎಂಜಿನಿಯರರು ಮೊದಲೇ ಹಂಚಿಬಿಟ್ಟರು. ಕೆಳಗಿನ 640 ಕಿಲೋಬೈಟ್ ಪ್ರೋಗ್ರಾಮ್‌ಗಳಿಗೆ. ಮೇಲಿನ 384 ಕಿಲೋಬೈಟ್ ಪರದೆಯ ಚಿತ್ರಸ್ಮೃತಿಗೆ, ಹೆಚ್ಚುವರಿ ಕಾರ್ಡುಗಳಿಗೆ ಮತ್ತು ಯಂತ್ರವನ್ನು ಎಬ್ಬಿಸುವ ಬಯೋಸ್‌ಗೆ. ಇಂದು ನೋಡಿದರೆ ಜಿಪುಣತನ ಎನಿಸಬಹುದು. ಆದರೆ ಮುಖ್ಯ ಫಲಕ ಹಿಡಿಸುತ್ತಿದ್ದ ಗರಿಷ್ಠ 64 ಕಿಲೋಬೈಟಿಗೆ ಇದು ಹತ್ತರಷ್ಟು! '640 ಕಿಲೋಬೈಟ್ ಯಾರಿಗಾದರೂ ಸಾಕು' ಎಂದು ಬಿಲ್ ಗೇಟ್ಸ್ ಹೇಳಿದರೆಂಬ ಮಾತು ಈಗಲೂ ಓಡಾಡುತ್ತಿದೆ. ತಾವು ಹಾಗೆ ಹೇಳಿಲ್ಲವೆಂದು ಅವರು ನಿರಾಕರಿಸಿದ್ದಾರೆ. ಯಾರು ಹೇಳಿದರೂ ಬಿಟ್ಟರೂ, ಮೇಲಿನ ಜಾಗಕ್ಕೆ ಕಾರ್ಡುಗಳು ಬಂದು ಕುಳಿತವು, ಕೆಳಗಿನ ಜಾಗವನ್ನು ನಂಬಿ ಸಾವಿರಾರು ಪ್ರೋಗ್ರಾಮ್‌ಗಳು ಬರೆಯಲ್ಪಟ್ಟವು. ಆಮೇಲೆ ಆ ಬೇಲಿಯನ್ನು ಕೀಳುವುದು ಯಾರಿಂದಲೂ ಆಗಲಿಲ್ಲ.

ಬೇಲಿ ಹಾರುವ ಉಪಾಯಗಳು

ಕೆಲವೇ ವರ್ಷಗಳಲ್ಲಿ 640 ಇಕ್ಕಟ್ಟಾಯಿತು. ಕಾರ್ಯಾಚರಣ ವ್ಯವಸ್ಥೆಗೇ ಒಂದು ಪಾಲು ಹೋಗುತ್ತಿತ್ತು. ಮೌಸಿಗೊಂದು, ಸಿಡಿ ಓದುಗಕ್ಕೊಂದು, ನೆಟ್‌ವರ್ಕ್ ಕಾರ್ಡಿಗೊಂದು, ಹೀಗೆ ಪ್ರತಿ ಉಪಕರಣಕ್ಕೂ ಡ್ರೈವರ್ ಎಂಬ ಚಾಲಕ ತಂತ್ರಾಂಶ ಬೇಕು. ಅವು ಒಮ್ಮೆ ಒಳಗೆ ಬಂದರೆ ಯಂತ್ರ ಆರಿಸುವವರೆಗೆ ಕದಲುವುದಿಲ್ಲ. ನೆಂಟರೆಲ್ಲ ಹಾಸಿಗೆ ಹಾಸಿದ ಮೇಲೆ ಮನೆಯವರಿಗೆ ಮಲಗಲು ಜಾಗವಿಲ್ಲ ಎಂಬಂತಾಯಿತು.

ಮೊದಲ ಉಪಾಯ 1985ರಲ್ಲಿ ಬಂತು. ಲೋಟಸ್, ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಸೇರಿ 'ವಿಸ್ತರಿತ ಸ್ಮೃತಿ'ಯ ಒಂದು ನಿಯಮಾವಳಿಯನ್ನು ಪ್ರಕಟಿಸಿದವು. ಮೇಲಿನ 384ರಲ್ಲಿ ಖಾಲಿ ಇದ್ದ 64 ಕಿಲೋಬೈಟನ್ನು ಒಂದು ಕಿಟಕಿಯಾಗಿ ಮಾಡುವುದು. ಬೇರೊಂದು ಕಾರ್ಡಿನ ಮೇಲಿರುವ ದೊಡ್ಡ ಸ್ಮೃತಿಯಿಂದ 16 ಕಿಲೋಬೈಟಿನ ನಾಲ್ಕು ಪುಟಗಳನ್ನು ಸರದಿಯಂತೆ ಅಲ್ಲಿ ತೋರಿಸುವುದು. ಪುಸ್ತಕ ಎಷ್ಟೇ ದಪ್ಪವಿದ್ದರೂ ಮೇಜಿನ ಮೇಲೆ ನಾಲ್ಕೇ ಹಾಳೆ. ದೊಡ್ಡ ದೊಡ್ಡ ಲೆಕ್ಕದ ಹಾಳೆಗಳನ್ನು ಬಳಸುವವರಿಗೆ ಇದರಿಂದ ಜೀವ ಬಂದಂತಾಯಿತು.

ಎರಡನೆಯ ಉಪಾಯದ ಕಥೆ ಇನ್ನೂ ಸ್ವಾರಸ್ಯಕರ. 8088ರಲ್ಲಿ ಬೀದಿಯ ಸಂಖ್ಯೆ, ಮನೆಯ ಸಂಖ್ಯೆ ಎರಡೂ ಗರಿಷ್ಠವಾದಾಗ ಬರುವ ವಿಳಾಸ ಒಂದು ಮೆಗಾಬೈಟನ್ನು 65,520 ಬೈಟ್‌ಗಳಷ್ಟು ಮೀರುತ್ತದೆ. ಇಪ್ಪತ್ತೇ ತಂತಿಗಳಿದ್ದ ಕಾರಣ ಈ ಹೆಚ್ಚುವರಿ ಭಾಗ ಸುತ್ತಿ ಬಂದು ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು. ಕೆಲವು ಪ್ರೋಗ್ರಾಮ್‌ಗಳು ಈ ಸುತ್ತುವಿಕೆಯನ್ನೇ ನಂಬಿದ್ದವು. 1984ರಲ್ಲಿ ಬಂದ ಐಬಿಎಂ ಎಟಿ ಯಂತ್ರದ 80286 ಪ್ರೊಸೆಸರಿಗೆ 24 ವಿಳಾಸ ತಂತಿಗಳು. ಅಲ್ಲಿ ಸುತ್ತುವಿಕೆ ಇಲ್ಲ. ಹಳೆಯ ಪ್ರೋಗ್ರಾಮ್‌ಗಳು ಮುಗ್ಗರಿಸಬಾರದೆಂದು ಎಂಜಿನಿಯರರು 21ನೆಯ ತಂತಿಗೆ ಒಂದು ಗೇಟು ಹಾಕಿ, ಅದರ ಕೀಲಿಯನ್ನು ಕೀಲಿಮಣೆಯ ನಿಯಂತ್ರಕ ಚಿಪ್ಪಿಗೆ ಕೊಟ್ಟರು. ಅದರಲ್ಲಿ ಒಂದು ಪಿನ್ನು ಬಿಡುವಾಗಿತ್ತು! ಮುಂದೆ ಈ ಗೇಟನ್ನು ತೆರೆದು ಆ 65,520 ಬೈಟ್‌ಗಳಲ್ಲಿ ಡಾಸ್ ವ್ಯವಸ್ಥೆಯ ಬಹುಭಾಗವನ್ನೇ ಇರಿಸಬಹುದೆಂದು ಕಂಡುಕೊಂಡರು. ಹೈಮೆಮ್.ಸಿಸ್ ಎಂಬ ಕಡತ ಮಾಡುತ್ತಿದ್ದ ಕೆಲಸಗಳಲ್ಲಿ ಇದೂ ಒಂದು.

ಮೂರನೆಯದು 80386 ಪ್ರೊಸೆಸರಿನ ಕೊಡುಗೆ. 1985ರಲ್ಲಿ ಬಂದ ಈ ಚಿಪ್ಪು ತನ್ನೊಳಗೆ ಒಂದು ನಕಲಿ 8086 ಯಂತ್ರವನ್ನು ಸೃಷ್ಟಿಸಿ, ಅದಕ್ಕೆ ತೋಚಿದ ಜಾಗದಲ್ಲಿ ಸ್ಮೃತಿ ಇರುವಂತೆ ತೋರಿಸಬಲ್ಲದು. ಮೇಲಿನ 384ರಲ್ಲಿ ಕಾರ್ಡುಗಳ ನಡುವೆ ಉಳಿದಿದ್ದ ಸಂದುಗೊಂದುಗಳಿಗೆಲ್ಲ ಹೀಗೆ ಸ್ಮೃತಿಯನ್ನು ತುಂಬಿ, ಅಲ್ಲಿಗೆ ಡ್ರೈವರ್‌ಗಳನ್ನು ಸಾಗಿಸಿದರೆ ಕೆಳಗಿನ ಮನೆ ಖಾಲಿಯಾಗುತ್ತದೆ. 1990ರ ಡಿಆರ್ ಡಾಸ್ 5, 1991ರ ಎಂಎಸ್ ಡಾಸ್ 5 ಈ ಸೌಲಭ್ಯವನ್ನು ಎಲ್ಲರಿಗೂ ತಲುಪಿಸಿದವು. ಮೈಕ್ರೋಸಾಫ್ಟ್‌ನ ಡಾಸ್‌ನಲ್ಲಿ ಆ ಕೆಲಸ ಮಾಡುತ್ತಿದ್ದ ತಂತ್ರಾಂಶವೇ ಇಎಂಎಂ386. ಕಾನ್ಫಿಗ್.ಸಿಸ್ ಕಡತಕ್ಕೆ ನಾನು ಸೇರಿಸಿದ್ದ ಸಾಲು ಇದನ್ನೇ ಕರೆಯುತ್ತಿತ್ತು.

ಡ್ರೈವರ್‌ಗಳನ್ನು ಯಾವ ಕ್ರಮದಲ್ಲಿ ಕರೆಯಬೇಕೆಂಬುದೂ ಒಂದು ಒಗಟಾಗಿತ್ತು. ಕೆಲವು ಡ್ರೈವರ್‌ಗಳು ಪ್ರವೇಶಿಸುವಾಗ ಹೆಚ್ಚು ಜಾಗ ಕೇಳಿ, ನೆಲೆ ನಿಂತ ಮೇಲೆ ಸಣ್ಣದಾಗುತ್ತಿದ್ದವು. ಸಣ್ಣದು ಮೊದಲು ಹೋದರೆ ದೊಡ್ಡದಕ್ಕೆ ಸಂದು ಸಾಲದು. ಬಸ್ಸಿನ ಮೇಲೆ ಮೂಟೆ ಜೋಡಿಸುವವನ ಜಾಣ್ಮೆಯೇ ಇಲ್ಲೂ ಬೇಕಿತ್ತು. 1993ರ ಎಂಎಸ್ ಡಾಸ್ 6ರೊಂದಿಗೆ ಬಂದ ಮೆಮ್‌ಮೇಕರ್ ಎಂಬ ಪ್ರೋಗ್ರಾಮ್ ನಾನಾ ಜೋಡಣೆಗಳನ್ನು ತಾನೇ ಲೆಕ್ಕ ಹಾಕಿ ಒಳ್ಳೆಯದನ್ನು ಆರಿಸುತ್ತಿತ್ತು.

ಒಂದು ಬೈಟಿನ ಬಾಗಿಲು

ಈಗ ಮೋಡೆಮ್ ಕಡೆಗೆ ಬರೋಣ. ದೂರವಾಣಿಯ ತಂತಿಯನ್ನು ಮನುಷ್ಯರ ಮಾತಿಗೆಂದು ರೂಪಿಸಲಾಗಿತ್ತು. ಅದರಲ್ಲಿ ಸುಮಾರು 300ರಿಂದ 3,400 ಹರ್ಟ್ಸ್ ಆವರ್ತನದ ಅಲೆಗಳಷ್ಟೇ ಚೆನ್ನಾಗಿ ಸಾಗುತ್ತವೆ. ಸೊನ್ನೆ ಒಂದುಗಳನ್ನು ಈ ಪಟ್ಟಿಯೊಳಗಿನ ಧ್ವನಿಯಾಗಿ ಮಾರ್ಪಡಿಸಿ, ಆಚೆ ತುದಿಯಲ್ಲಿ ಮತ್ತೆ ಅಂಕಿಗಳಾಗಿಸುವುದೇ ಮೋಡೆಮ್ ಕೆಲಸ. ಕ್ಲಾಡ್ ಶಾನನ್ 1948ರಲ್ಲಿ ಕೊಟ್ಟ ಸೂತ್ರದಂತೆ, 3,100 ಹರ್ಟ್ಸ್ ಅಗಲದ ತಂತಿಯಲ್ಲಿ ಸಂಕೇತದ ಶಕ್ತಿ ಗದ್ದಲದ ಸಾವಿರ ಪಟ್ಟು ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 31,000 ಬಿಟ್‌ಗಳನ್ನು ಕಳುಹಿಸಬಹುದು. 1981ರ ಹೇಯ್ಸ್ ಸ್ಮಾರ್ಟ್‌ಮೋಡೆಮ್ ಕಳುಹಿಸುತ್ತಿದ್ದದ್ದು 300. 1991ರ ವಿ.32 ಬಿಸ್ ಮಾನಕದಲ್ಲಿ 14,400. 1994ರ ವಿ.34ರಲ್ಲಿ 28,800. ಹದಿಮೂರು ವರ್ಷಗಳಲ್ಲಿ ಶಾನನ್ನರ ಗೋಡೆಯ ಬುಡಕ್ಕೇ ಬಂದು ನಿಂತಿದ್ದರು.

ಮೋಡೆಮ್ ತಂದ ಬಿಟ್‌ಗಳು ಸರಣಿ ಪೋರ್ಟ್ ಮೂಲಕ ಕಂಪ್ಯೂಟರ್ ಸೇರುತ್ತವೆ. ಅಲ್ಲಿ 8250 ಎಂಬ ಚಿಪ್ಪು ಒಂದೊಂದಾಗಿ ಬರುವ ಬಿಟ್‌ಗಳನ್ನು ಕೂಡಿಸಿ, ಒಂದು ಬೈಟ್ ಆದಾಗ ಪ್ರೊಸೆಸರಿನ ಬಾಗಿಲು ಬಡಿಯುತ್ತದೆ. ಈ ಬಡಿತಕ್ಕೆ ಇಂಟರಪ್ಟ್ ಎಂದು ಹೆಸರು. ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಆ ಬೈಟನ್ನು ಎತ್ತಿಕೊಳ್ಳಬೇಕು. ಅಷ್ಟರಲ್ಲಿ ಮುಂದಿನ ಬೈಟ್ ಪೂರ್ಣವಾದರೆ ಹಿಂದಿನದರ ಮೇಲೆಯೇ ಅದು ಬಂದು ಕೂರುತ್ತದೆ, ಹಿಂದಿನದು ಹೋಯಿತು. ಬಾಗಿಲ ಬಳಿ ಜಗಲಿಯೇ ಇಲ್ಲ!

ನೀವೇ ಲೆಕ್ಕ ಹಾಕಿ ನೋಡಿ. ಒಂದು ಅಕ್ಷರಕ್ಕೆ ಆರಂಭ ಮತ್ತು ಅಂತ್ಯದ ಗುರುತು ಸೇರಿ 10 ಬಿಟ್. ವೇಗ 9,600 ಇದ್ದರೆ ಸೆಕೆಂಡಿಗೆ 960 ಅಕ್ಷರ. ಎರಡರ ನಡುವೆ ಸುಮಾರು ಒಂದು ಮಿಲಿಸೆಕೆಂಡ್. ಮೊದಲ ಐಬಿಎಂ ಯಂತ್ರದಲ್ಲಿ ಅಷ್ಟು ಹೊತ್ತಿಗೆ ಸುಮಾರು 5,000 ಗಡಿಯಾರ ಮಿಡಿತಗಳಾಗುತ್ತಿದ್ದವು. ಸಾಕಷ್ಟು ಬಿಡುವು. ನಮ್ಮ ಮೋಡೆಮ್ 14,400ರದ್ದು. ಆದರೆ ಅದು ಪಠ್ಯವನ್ನು ಹಿಂಡಿ ಕಳುಹಿಸಿ ಈ ತುದಿಯಲ್ಲಿ ಬಿಡಿಸುತ್ತಿದ್ದ ಕಾರಣ ಪೋರ್ಟಿನ ವೇಗವನ್ನು 38,400ಕ್ಕೆ ಇಡಬೇಕಿತ್ತು. ಆಗ ಎರಡು ಅಕ್ಷರಗಳ ನಡುವಿನ ಬಿಡುವು ಕೇವಲ 260 ಮೈಕ್ರೋಸೆಕೆಂಡ್.

ಜಾಗ ಉಳಿಸಿದರೆ ಸಮಯ ಹೋಯಿತು

ಇಎಂಎಂ386 ಇಲ್ಲದಾಗ ಬಾಗಿಲ ಬಡಿತ ನೇರವಾಗಿ ಮೋಡೆಮ್ ಡ್ರೈವರಿನ ಕಿವಿಗೆ ಬೀಳುತ್ತಿತ್ತು. ಅದು ಬಂದ ಮೇಲೆ ಡಾಸ್ ಓಡುವುದು ನಕಲಿ 8086ರ ಒಳಗೆ. ಪ್ರತಿ ಬಡಿತವನ್ನೂ ಮೊದಲು ಮೇಲ್ವಿಚಾರಕ ತಂತ್ರಾಂಶ ಕೇಳಿ, ಆಮೇಲೆ ಒಳಗೆ ದಾಟಿಸುತ್ತದೆ. ಈ ದಾಟಿಸುವಿಕೆಗೆ ತಗಲುವ ಸಮಯ ಸಣ್ಣದೇ. ಆದರೆ ಅದೇ ಗಳಿಗೆಯಲ್ಲಿ ಡಿಸ್ಕಿಗೆ ಬರೆಯುವ ತಂತ್ರಾಂಶವೂ ಬಡಿತಗಳನ್ನು ತಡೆಹಿಡಿದಿದ್ದರೆ, ಎರಡೂ ಸೇರಿ 260 ಮೈಕ್ರೋಸೆಕೆಂಡನ್ನು ದಾಟಿಬಿಡುತ್ತವೆ. ರಾತ್ರಿಯಿಡೀ ಬರುತ್ತಿದ್ದ ಸಾವಿರಾರು ಅಂಕಿಗಳಲ್ಲಿ ಒಂದು '1' ಹೀಗೆ ಬಾಗಿಲಲ್ಲೇ ಬಿದ್ದಿತ್ತು. ನಾನು ಕೆಲವು ಕಿಲೋಬೈಟ್ ಜಾಗ ಗಳಿಸಿದ್ದೆ. ಅದಕ್ಕೆ ಬೆಲೆಯಾಗಿ ಮೈಕ್ರೋಸೆಕೆಂಡುಗಳನ್ನು ತೆತ್ತಿದ್ದೆ. ಜಾಗ ಮತ್ತು ಕಾಲ ಒಂದಕ್ಕೊಂದು ವಿನಿಮಯವಾಗುತ್ತವೆ ಎಂಬ ಪಾಠವನ್ನು ಭೌತಶಾಸ್ತ್ರದ ವಿದ್ಯಾರ್ಥಿ ಇಲ್ಲಿ ಕಲಿಯಬೇಕಾಯಿತು.

ಇದು ನನ್ನೊಬ್ಬನ ಅನುಭವವಲ್ಲ. 80286 ಚಿಪ್ಪಿನಲ್ಲಿ ಒಂದು ಮೆಗಾಬೈಟಿನಾಚೆಯ ಸ್ಮೃತಿಯನ್ನು ಮುಟ್ಟಲು 'ಸಂರಕ್ಷಿತ' ಸ್ಥಿತಿಗೆ ಹೋಗಬೇಕಿತ್ತು. ಅಲ್ಲಿಂದ ಹಿಂದಿರುಗುವ ಆಜ್ಞೆಯನ್ನೇ ಇಂಟೆಲ್ ಕೊಟ್ಟಿರಲಿಲ್ಲ. ಆದ್ದರಿಂದ ಪ್ರೊಸೆಸರನ್ನು ರೀಸೆಟ್ ಮಾಡಿ, 'ಇದು ಹೊಸ ಆರಂಭವಲ್ಲ, ಹಿಂದಿನ ಕೆಲಸ ಮುಂದುವರಿಸು' ಎಂಬ ಚೀಟಿಯನ್ನು ಮೊದಲೇ ಬರೆದಿಡುತ್ತಿದ್ದರು. ಅಷ್ಟು ಹೊತ್ತು ಬಾಗಿಲ ಬಡಿತ ಯಾರಿಗೂ ಕೇಳಿಸದು. ಸ್ಮೃತಿಯನ್ನೇ ಡಿಸ್ಕಿನಂತೆ ಬಳಸುವ ಐಬಿಎಂನ ವಿಡಿಸ್ಕ್ ಎಂಬ ಡ್ರೈವರಿನಲ್ಲಿ ಒಮ್ಮೆಗೆ ಎಷ್ಟು ತುಣುಕು ಸಾಗಿಸಬೇಕೆಂದು ಬಳಕೆದಾರರೇ ಹೇಳಲು ಅವಕಾಶವಿತ್ತು. ಕಡಿಮೆ ತುಣುಕು ಸಾಗಿಸಿದರೆ ಕೆಲಸ ನಿಧಾನ, ಆದರೆ ನಡುನಡುವೆ ಬಾಗಿಲು ತೆರೆಯಲು ಬಿಡುವು ಸಿಗುತ್ತಿತ್ತು.

ನಿಜವಾದ ಪರಿಹಾರ ಬಂದದ್ದು ಬಾಗಿಲ ಬಳಿ ಜಗಲಿ ಕಟ್ಟುವ ಮೂಲಕ. 16550 ಎಂಬ ಹೊಸ ಚಿಪ್ಪಿನಲ್ಲಿ 16 ಬೈಟ್‌ಗಳ ಸಾಲು ನಿಲ್ಲಬಹುದಿತ್ತು. ಮೊದಲ ತಯಾರಿಕೆಯಲ್ಲಿ ಆ ಸಾಲಿನ ವ್ಯವಸ್ಥೆಯೇ ದೋಷಪೂರಿತವಾಗಿತ್ತು. 16550ಎ ಎಂಬ ತಿದ್ದಿದ ಚಿಪ್ಪು ಅದನ್ನು ಸರಿಪಡಿಸಿತು. 38,400ರ ವೇಗದಲ್ಲಿ 16 ಬೈಟ್ ತುಂಬಲು 4 ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಮೆಗಾಬೈಟ್‌ಗಟ್ಟಲೆ ಸ್ಮೃತಿಯಿದ್ದ ಯಂತ್ರದ ಕಷ್ಟವನ್ನು ಪರಿಹರಿಸಿದ್ದು ಸರಿಯಾದ ಸ್ಥಳದಲ್ಲಿ ಇಟ್ಟ ಹದಿನಾರೇ ಬೈಟ್!

ಉಳಿದದ್ದು ಯಾವುದು?

ಹಳೆಯ ಹೊರ ಮೋಡೆಮ್‌ಗೆ ಡ್ರೈವರ್ ಹೆಚ್ಚುಕಡಿಮೆ ಬೇಡವೇ ಬೇಡ. ಪೋರ್ಟಿಗೆ ಅಕ್ಷರ ಕಳುಹಿಸಲು ತಿಳಿದರೆ ಸಾಕು. 'ಎಟಿಡಿಟಿ' ಎಂದು ಬರೆದು ಸಂಖ್ಯೆ ಕೊಟ್ಟರೆ ಅದು ಕರೆ ಮಾಡುತ್ತದೆ; ಹಳೆಯ ಎಕ್ಸ್‌ಚೇಂಜುಗಳ ಊರಿನಲ್ಲಿ 'ಎಟಿಡಿಪಿ' ಎಂದರೆ ಟಕಟಕ ಮಿಡಿತಗಳಲ್ಲಿ ಕರೆ ಮಾಡುತ್ತದೆ. ಹೇಯ್ಸ್ ಮೋಡೆಮ್‌ನ ಈ ಆಜ್ಞೆಗಳನ್ನು ಉಳಿದ ತಯಾರಕರೂ ಅನುಸರಿಸಿದರು. ಕೋಷ್ಟಕ ಕಳುಹಿಸಲು ವಾರ್ಡ್ ಕ್ರಿಸ್ಟೆನ್ಸನ್ 1977ರಲ್ಲಿ ರಚಿಸಿದ ಎಕ್ಸ್‌ಮೋಡೆಮ್, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1981ರಲ್ಲಿ ಹುಟ್ಟಿದ ಕರ್ಮಿಟ್ ಎಂಬ ಪದ್ಧತಿಗಳಿದ್ದವು. ಎಕ್ಸ್‌ಮೋಡೆಮ್ 128 ಬೈಟ್‌ಗಳ ಒಂದೊಂದು ಕಂತಿಗೂ ಮೊತ್ತದ ತಾಳೆ ನೋಡಿ, ತಪ್ಪಿದರೆ ಮತ್ತೆ ತರಿಸುತ್ತದೆ. ನಾನು ಬರಿಯ ಪಠ್ಯವನ್ನು ಹಿಡಿದಿಡುವ ಬದಲು ಇದನ್ನು ಬಳಸಿದ್ದರೆ ಆ ಶೃಂಗ ಹುಟ್ಟುತ್ತಲೇ ಇರಲಿಲ್ಲ.

1990ರ ದಶಕದ ಉತ್ತರಾರ್ಧದಲ್ಲಿ ಪ್ರೊಸೆಸರ್‌ಗಳು ವೇಗವಾದವು, ಸ್ಮೃತಿ ಅಗ್ಗವಾಯಿತು. ಆಗ ವಿನ್‌ಮೋಡೆಮ್‌ಗಳು ಬಂದವು. ಇವುಗಳಲ್ಲಿ ಸಂಕೇತ ಬಿಡಿಸುವ ಚಿಪ್ಪನ್ನೇ ತೆಗೆದು ಆ ಕೆಲಸವನ್ನು ಕಂಪ್ಯೂಟರಿನ ಪ್ರೊಸೆಸರಿಗೆ ವಹಿಸಿದರು. ಬೆಲೆ ಇಳಿಯಿತು. ಆದರೆ ಮೋಡೆಮ್‌ನ ಜೀವವೆಲ್ಲ ಡ್ರೈವರಿನೊಳಗೆ ಸೇರಿತು. ಆ ಡ್ರೈವರ್ ವಿಂಡೋಸ್‌ನ ಒಂದು ಆವೃತ್ತಿಗೆ ಮಾತ್ರ. ಅದರ ಒಳಗುಟ್ಟು ತಯಾರಕರಿಗೆ ಮಾತ್ರ. ಲಿನಕ್ಸ್ ಬಳಸುತ್ತಿದ್ದವರು ಆ ದಿನಗಳಲ್ಲಿ ಪಟ್ಟ ಪರದಾಟ ಹಲವರಿಗೆ ನೆನಪಿರಬಹುದು. ಕೊರತೆ ಇದ್ದಾಗ ಮೋಡೆಮ್ ಸ್ವತಂತ್ರವಾಗಿತ್ತು, ಸಮೃದ್ಧಿ ಬಂದಾಗ ಪರಾವಲಂಬಿಯಾಯಿತು.

2019ರಲ್ಲಿ ನಮ್ಮ ವಿಭಾಗದ ಉಗ್ರಾಣವನ್ನು ತೆರವು ಮಾಡುವಾಗ ಆ ಹಳೆಯ 386 ಸಿಕ್ಕಿತು. ಅದರ ಡಿಸ್ಕಿನಲ್ಲಿ ನಮ್ಮ ಗುಂಪಿನ ಹಲವು ವರ್ಷಗಳ ಅಳತೆಗಳಿದ್ದವು. ಬೇರೆಲ್ಲೂ ಅವುಗಳ ಪ್ರತಿ ಇರಲಿಲ್ಲ. ಫ್ಲಾಪಿ ಓದುಗ ಕೆಟ್ಟಿತ್ತು. ವಿದ್ಯಾರ್ಥಿನಿಯೊಬ್ಬರು ಕಳುಹಿಸುವ, ಪಡೆಯುವ ತಂತಿಗಳನ್ನು ಅದಲುಬದಲು ಮಾಡಿದ ಒಂದು ಕೇಬಲ್ ಬೆಸೆದು, ಯುಎಸ್‌ಬಿ ಅಡಾಪ್ಟರ್ ಮೂಲಕ ತಮ್ಮ ಲ್ಯಾಪ್‌ಟಾಪಿಗೆ ಜೋಡಿಸಿ, ಎರಡೂ ಕಡೆ ಕರ್ಮಿಟ್ ಓಡಿಸಿದರು. ವೇಗ 9,600. ಇಡೀ ಮಧ್ಯಾಹ್ನ ಹಿಡಿಯಿತು. ಒಂದು ಅಂಕಿಯೂ ತಪ್ಪಲಿಲ್ಲ. ಪಕ್ಕದಲ್ಲೇ ಇದ್ದ, ಹತ್ತು ವರ್ಷ ಕಿರಿಯದಾದ ಮತ್ತೊಂದು ಯಂತ್ರಕ್ಕೆ ಅಳತೆಯ ಕಾರ್ಡೊಂದು ಜೋಡಿಸಿತ್ತು. ಅದರ ಡ್ರೈವರ್ ತಟ್ಟೆ ಕಳೆದುಹೋಗಿತ್ತು. ಕಡತಗಳ ವಿನ್ಯಾಸ ಎಲ್ಲೂ ಪ್ರಕಟವಾಗಿರಲಿಲ್ಲ. ಅದರಲ್ಲಿದ್ದುದನ್ನು ಇಂದಿಗೂ ಓದಲಾಗಿಲ್ಲ.

ಹಳೆಯ ಕಂಪ್ಯೂಟರುಗಳ ಇತಿಹಾಸದಿಂದ ನಾವು ಕಲಿಯಬೇಕಾದದ್ದು ಕಡಿಮೆ ಸ್ಮೃತಿಯಲ್ಲಿ ಬದುಕುವ ಜಾಣ್ಮೆಯೊಂದನ್ನೇ ಅಲ್ಲ. ಚಿಪ್ಪುಗಳು ಹಳತಾಗುತ್ತವೆ, ಕಂಪನಿಗಳು ಮುಚ್ಚುತ್ತವೆ, ಡ್ರೈವರ್‌ಗಳು ಕಳೆದುಹೋಗುತ್ತವೆ. ಎಲ್ಲರಿಗೂ ತಿಳಿಯುವಂತೆ ಬರೆದಿಟ್ಟ ಒಪ್ಪಂದಗಳು ಮಾತ್ರ ಅವುಗಳನ್ನು ಮೀರಿ ಉಳಿಯುತ್ತವೆ. ನಿಮ್ಮ ಶಾಲೆಗೋ ಪ್ರಯೋಗಾಲಯಕ್ಕೋ ಮುಂದಿನ ಸಲ ಉಪಕರಣ ಕೊಳ್ಳುವಾಗ ಅದರ ವೇಗ, ಸ್ಮೃತಿ ಎಷ್ಟೆಂದು ಕೇಳಿ. ಅದರೊಂದಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಈ ತಂತ್ರಾಂಶ ಇಲ್ಲದ ದಿನ, ಇದರ ಅಳತೆಗಳನ್ನು ನಾನು ಹೇಗೆ ಓದಲಿ?